ಬಿಸ್ತಾರೈ ಎನ್ನುತ್ತಿದ್ದ ದಾಜು

ದಾಜು ನಿಂತಲ್ಲೇ ದಣಿವಾರಿಸಿಕೊಳ್ಳುವುದನ್ನು ಕಲಿತಿದ್ದರು. ಸೌದಿಯ ಅಬ್ಕೈಕಿನ ನಮ್ಮ ಸೈಟಿನಲ್ಲಿ ಚಹಾದ ಬಿಡುವಿಗೆ ಉಳಿದವರೆಲ್ಲ ನೆರಳು ಹುಡುಕಿಕೊಂಡು ಓಡಿದರೆ, ಅವರು ಯಾವುದಾದರೊಂದು ಕಂಬಕ್ಕೆ ಬೆನ್ನು ಕೊಟ್ಟು, ಹೆಲ್ಮೆಟ್ಟನ್ನು ಮೂಗಿನವರೆಗೆ ಎಳೆದುಕೊಂಡು ಕಣ್ಣು ಮುಚ್ಚುತ್ತಿದ್ದರು. ನಿದ್ದೆಯಲ್ಲ ಅದು. ಯಾರಾದರೂ ದಡದಡನೆ ಏಣಿ ಹತ್ತಿದ ಸದ್ದಾದರೆ ಕಣ್ಣು ತೆರೆಯದೆಯೇ "ಬಿಸ್ತಾರೈ" ಎನ್ನುತ್ತಿದ್ದರು. ನೇಪಾಳಿಯಲ್ಲಿ ಹಾಗೆಂದರೆ ನಿಧಾನ, ಮೆಲ್ಲಗೆ. ಬೆಳಗಿನಿಂದ ಸಂಜೆಯವರೆಗೆ ಎಲ್ಲ ಕಡೆಯಿಂದ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸುವ ಕೂಗೇ ಕೇಳುವ ಜಾಗದಲ್ಲಿ ಆ ಒಂದು ಶಬ್ದ ತಣ್ಣಗಿನ ನೀರಿನ ಹಾಗಿತ್ತು.

ದಾಜು ಎಂದರೆ ಅವರ ಭಾಷೆಯಲ್ಲಿ ಅಣ್ಣ. ಸೈಟಿನಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ನಿಜವಾದ ಹೆಸರು ಬರೆಯುವುದು ಬೇಡ. ಬದುಕಿದ್ದಿದ್ದರೆ ಅದು ಅವರಿಗೆ ಇಷ್ಟವಾಗುತ್ತಿರಲಿಲ್ಲ. ಎತ್ತರದ ಪೈಪು, ಟ್ಯಾಂಕುಗಳ ಸುತ್ತ ಕೆಲಸಗಾರರು ನಿಲ್ಲಲು ಕಬ್ಬಿಣದ ಅಟ್ಟಣಿಗೆ ಕಟ್ಟುವ ತಂಡಕ್ಕೆ ಅವರು ಫೋರ್‌ಮನ್. ನಾನು ಅದೇ ಗುತ್ತಿಗೆ ಕಂಪೆನಿಯ ಸ್ಟೋರಿನಲ್ಲಿ ಕೆಲಸಕ್ಕಿದ್ದವನು. ನಾನು ಉಪ್ಪಿನಂಗಡಿ ಕಡೆಯವನು, ಅವರು ಗೋರ್ಖಾ ಕಡೆಯವರು. ನಮ್ಮಿಬ್ಬರ ನಡುವೆ ಇದ್ದದ್ದು ಗಲ್ಫಿನ ಮುರುಕು ಹಿಂದಿ. ಆ ಮಾತುಗಳನ್ನು ಇಲ್ಲಿ ನನ್ನ ಕನ್ನಡಕ್ಕೆ ಇಳಿಸಿದ್ದೇನೆ.

ಶುಕ್ರವಾರಗಳಲ್ಲಿ ಅವರು ದಮ್ಮಾಮಿನ ನಮ್ಮ ಫ್ಲ್ಯಾಟಿಗೆ ಊಟಕ್ಕೆ ಬರುತ್ತಿದ್ದರು. ನನ್ನ ಹೆಂಡತಿ ಮೈಮೂನ ಕೋರಿ ರೊಟ್ಟಿ ಮಾಡುತ್ತಿದ್ದಳು. ದಾಜು ಗರಿಗರಿ ರೊಟ್ಟಿಯ ಮೇಲೆ ಕೋಳಿಸಾರು ಸುರಿದುಕೊಂಡು, ಅದು ಪೂರ್ತಿ ಮೆತ್ತಗಾಗುವವರೆಗೆ ಕೈಕಟ್ಟಿ ಕಾಯುತ್ತಿದ್ದರು.

"ಗರಿಗರಿ ಇರುವಾಗ ತಿನ್ಬೇಕು ದಾಜು, ಮೆತ್ತಗಾದ್ರೆ ಅದು ರೊಟ್ಟಿಯಾ?" ಎಂದು ಮೈಮೂನ ಗದರುತ್ತಿದ್ದಳು.

"ದಿನಾ ಶಬ್ದದ ಒಳಗೇ ಇರ್ತೇನೆ ಬಹಿನಿ. ಊಟವಾದ್ರೂ ಸುಮ್ಮನಿರಲಿ," ಎನ್ನುತ್ತಿದ್ದರು ಅವರು. ಬಹಿನಿ ಎಂದರೆ ತಂಗಿ.

ತಮ್ಮ ಊರಿನ ಬಗ್ಗೆ ಮಾತ್ರ ಮಾತೇ ಇಲ್ಲ. ಹಿಮಾಲಯ ಮನೆಯಿಂದ ಕಾಣುತ್ತದೆಯೇ ಎಂದು ಮೈಮೂನ ಕೇಳಿದರೆ, "ಕಾಣ್ತದೆ. ಕಂಡರೆ ಹೊಟ್ಟೆ ತುಂಬುದಿಲ್ಲ," ಎಂದು ಮುಗಿಸುತ್ತಿದ್ದರು. ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಒಮ್ಮೆ ಹಿಮದ ಬೆಟ್ಟದ ಚಿತ್ರ ಬಂದಿತ್ತು. ಅವರು ಹತ್ತಿರ ಹೋಗಿ ನೋಡಿ, "ಇದು ನಮ್ಮದಲ್ಲ," ಎಂದು ಹೇಳಿ ಕೈ ತೊಳೆಯಲು ಹೋದರು.

ಗುತ್ತಿಗೆ ಮುಗಿದಾಗ ಕಂಪೆನಿ ಮೊದಲು ಕಳಿಸಿದ್ದು ವಯಸ್ಸಾದವರನ್ನು. ದಾಜುವಿಗೂ ಫೈನಲ್ ಎಕ್ಸಿಟ್ ಬಂತು, ಅಂದರೆ ಅಲ್ಲಿ ವಾಸಿಸುವ ಪರವಾನಗಿಯಾದ ಇಕಾಮಾ ರದ್ದಾಗಿ ಊರಿಗೆ ಹೋಗುವುದು, ಮರಳುವುದಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಇದ್ದ ಮನುಷ್ಯ ಒಂದು ಸೂಟ್‌ಕೇಸಿನೊಂದಿಗೆ ಹೊರಟರು. ವಿಮಾನ ನಿಲ್ದಾಣದಲ್ಲಿ ನನ್ನ ಕೈ ಹಿಡಿದು, "ಬಹಿನಿಯನ್ನು ಕರ್ಕೊಂಡು ಒಮ್ಮೆ ಬನ್ನಿ ಭಾಯ್," ಎಂದರು. ಎಲ್ಲರೂ ಹೇಳುವ ಮಾತು, ನಾನು ತಲೆಯಾಡಿಸಿದೆ.

ಆದರೆ ಮೈಮೂನ ಅದನ್ನು ಹಿಡಿದುಕೊಂಡಳು. ಮದುವೆಯಾದಾಗಿನಿಂದ ನಮ್ಮ ಪ್ರತಿ ರಜೆಯೂ ಊರಿನಲ್ಲೇ ಸವೆದಿತ್ತು. ಯಾರದ್ದೋ ಮದುವೆ, ಯಾರದ್ದೋ ಆಪರೇಷನ್, ಗೋಡೆ ಕಟ್ಟಿಸುವುದು, ಇಲ್ಲದಿದ್ದರೆ ಒಂದು ಮನೆಯಿಂದ ಇನ್ನೊಂದು ಮನೆಗೆ ಚಾಕಲೇಟು, ಟಾರ್ಚು ಹೊತ್ತು ತಿರುಗುವುದು. ರಜೆ ಮುಗಿಸಿ ದಮ್ಮಾಮಿಗೆ ಬಂದ ಮೇಲೆ ನಮಗೆ ಬೇರೆ ರಜೆ ಬೇಕಾಗುತ್ತಿತ್ತು. ಆ ವರ್ಷ ಅವಳು ಪಾತ್ರೆ ತೊಳೆಯುತ್ತಲೇ ಹೇಳಿದಳು:

"ಈ ಸಲ ನಮ್ಮವರು ಯಾರೂ ಇಲ್ಲದ ಒಂದು ಊರಿಗೆ ಕರ್ಕೊಂಡು ಹೋಗಿ. ಒಂದೇ ಒಂದು ವಾರ. ಮತ್ತೆ ನೀವು ಎಲ್ಲಿಗೆ ಹೇಳಿದ್ರೂ ಬರ್ತೇನೆ."

ಹಾಗೆ ನಾವು ಜುಲೈ ತಿಂಗಳಲ್ಲಿ ನೇಪಾಳಕ್ಕೆ ಹೋದೆವು. ಹಿಮದ ಬೆಟ್ಟ ನೋಡಲು ಅದು ಸಮಯವಲ್ಲ, ಮಳೆಗಾಲ ಎಂದು ಗೊತ್ತಿರಲಿಲ್ಲವೆಂದಲ್ಲ. ಕಂಪೆನಿ ಕೊಟ್ಟಾಗ ರಜೆ. ಬೆಟ್ಟಕ್ಕೆ ಬೇಕಾದಾಗ ಅಲ್ಲ.

ವಿಮಾನ ತುಂಬ ನೇಪಾಳಿ ಕೆಲಸಗಾರರು. ದಂಪತಿ ಎಂದು ಇದ್ದವರು ನಾವಿಬ್ಬರೇ ಇರಬೇಕು. ಹತ್ತಿದಾಗ ಎಲ್ಲರೂ ಸೋತು ತೂಕಡಿಸುತ್ತಿದ್ದರು. ಇಳಿಯಲು ಸ್ವಲ್ಪ ಹೊತ್ತಿದೆ ಎನ್ನುವಾಗ ಇದ್ದಕ್ಕಿದ್ದಂತೆ ಎದ್ದರು. ಚಪ್ಪಲಿ ಬಿಚ್ಚಿ ಹೊಸ ಶೂ ಹಾಕಿದರು, ತಲೆ ಬಾಚಿದರು, ಜಾಕೀಟು ತೊಟ್ಟರು. ಒಬ್ಬ ಅತ್ತರಿನ ಬಾಟಲಿ ತೆಗೆದದ್ದೇ ತಡ, ಇಡೀ ವಿಮಾನ ಘಮಘಮ ಎಂದಿತು. ಮೈಮೂನ ಸೆರಗನ್ನು ಮೂಗಿಗೆ ಒತ್ತಿಕೊಂಡು, "ನೀವೂ ಊರಿಗೆ ಬರುವಾಗ ಹೀಗೇ ಅಲ್ವಾ ಮಾಡುದು? ಮಂಗಳೂರಲ್ಲಿ ಇಳಿದಾಗ ಮದುಮಗನ ಹಾಗೆ ಬರ್ತಿದ್ರಿ. ನಾನು ಅಲ್ಲಿ ನೀವು ಹಾಗೇ ಇರುದು ಅಂತ ತಿಳ್ಕೊಂಡಿದ್ದೆ," ಎಂದಳು. ಅವಳು ದಮ್ಮಾಮಿಗೆ ಬರುವ ಮೊದಲಿನ ವರ್ಷಗಳ ಮಾತು ಅದು. ನಾನು ಕಿಟಕಿಯ ಕಡೆ ನೋಡಿದೆ. ಹೊರಗೆ ಮೋಡ.

ಕಠ್ಮಂಡುವಿನಲ್ಲಿ ದಾಜು ಕಾಯುತ್ತಿದ್ದರು. ಒಂದು ಕ್ಷಣ ಗುರುತು ಸಿಗಲಿಲ್ಲ. ಹೆಲ್ಮೆಟ್ ಇಲ್ಲದ ಅವರ ತಲೆಯನ್ನು ಹಗಲ ಬೆಳಕಿನಲ್ಲಿ ನಾನು ಸರಿಯಾಗಿ ನೋಡಿರಲಿಲ್ಲ. ಹಣೆಯ ಮೇಲರ್ಧ ಬಿಳಿ, ಕೆಳಗೆ ಸುಟ್ಟ ಬಣ್ಣ. ಅವರು ನಮ್ಮ ಚೀಲ ಎತ್ತಿಕೊಂಡು ಸರಸರ ನಡೆದರು. ಹಿಂದೆ ಓಡಲು ಮೈಮೂನಳಿಗೆ ಆಗಲಿಲ್ಲ. ಅವಳು ನಿಂತ ಕಡೆ ಒಂದು ಸಣ್ಣ ಲಾರಿಗೆ ಉದ್ದದ ಮರದ ಪೆಟ್ಟಿಗೆಯೊಂದನ್ನು ಏರಿಸುತ್ತಿದ್ದರು. ಪಕ್ಕದಲ್ಲಿ ಒಬ್ಬ ಹೆಂಗಸು ಕೊಡೆಯನ್ನು ತನಗೆ ಹಿಡಿಯದೆ ಪೆಟ್ಟಿಗೆಗೆ ಹಿಡಿದಿದ್ದಳು.

"ಎಂತ ಅದು?" ಎಂದಳು ಮೈಮೂನ.

ದಾಜು ಹಿಂದೆ ಬಂದು ಅವಳಿಗೂ ಲಾರಿಗೂ ನಡುವೆ ನಿಂತರು. "ನಿಮ್ಮ ವಿಮಾನದಲ್ಲೇ ಬಂದದ್ದು. ಬನ್ನಿ ಬಹಿನಿ, ಬಸ್ ಹೋಗ್ತದೆ."

ಹಿಮಾಲಯದ ದೇಶದಲ್ಲಿ ನಾವು ಮೊದಲು ಕಂಡದ್ದು ಅದು. ನಾವು ವಿಮಾನದಲ್ಲಿ ಊಟ ಮಾಡಿ, ಚಹಾ ಕುಡಿದು ಬಂದದ್ದು ಆ ಪೆಟ್ಟಿಗೆಯೊಳಗೆ ಸತ್ತು ಮಲಗಿದ್ದ ಮನುಷ್ಯನ ಮೇಲೆ ಕುಳಿತು ಎಂದು ಬಸ್ಸಿನಲ್ಲಿ ಇಬ್ಬರೂ ಯೋಚಿಸುತ್ತಿದ್ದೆವು.

ನದಿಯ ಪಕ್ಕದ ಹೆದ್ದಾರಿಯಲ್ಲಿ ಗುಡ್ಡ ಜರಿದು ಅರ್ಧ ದಿನ ನಿಂತೆವು. ಕೆಂಪು ಕೆಸರು, ಕಲ್ಲು, ಲಾರಿಗಳ ಸಾಲು, ಜೋಳ ಸುಟ್ಟು ಮಾರುವ ಹೆಂಗಸರು. ಮಳೆಯೋ ಬಿಡದು. ಮೈಮೂನ ಕಿಟಕಿಯಿಂದ ಹೊರಗೆ ನೋಡಿ, ಬಾಳೆ, ಹಲಸು, ಜರಿಗಿಡ ಎಲ್ಲವನ್ನೂ ಗುರುತಿಸಿ, ಕೊನೆಗೆ ನನ್ನ ಕಡೆ ತಿರುಗಿದಳು.

"ಹಿಮಾಲಯ ಅಂತ ಹೇಳಿ ಶಿರಾಡಿ ಘಾಟಿಗೆ ಕರ್ಕೊಂಡು ಬಂದ್ರಾ ಮಾರಾಯ್ರೆ?"

ದಾಜುವಿಗೆ ಮಾತು ಅರ್ಥವಾಗದಿದ್ದರೂ ಅವಳ ದನಿ ಅರ್ಥವಾಯಿತು. ಮೋಡ ಮುಚ್ಚಿದ್ದು ತಮ್ಮದೇ ತಪ್ಪು ಎನ್ನುವ ಹಾಗೆ, "ನಾಳೆ ಕಾಣ್ತದೆ ಬಹಿನಿ, ನಾಳೆ ಗ್ಯಾರಂಟಿ," ಎಂದರು. ನಾವು ಇದ್ದಷ್ಟು ದಿನವೂ ಅವರು ದಿನಕ್ಕೆ ಹತ್ತು ಸಲ ಉತ್ತರದ ಕಡೆ ನೋಡುತ್ತಿದ್ದರು. ಒಂದು ದಿನವೂ ಬೆಟ್ಟ ಕಾಣಲಿಲ್ಲ.

ಅವರ ಮನೆ ಗುಡ್ಡದ ಓರೆಯಲ್ಲಿತ್ತು. ಭೂಕಂಪದಲ್ಲಿ ಬಿದ್ದ ಹಳೆಮನೆಯ ಜಾಗದಲ್ಲಿ ಕಟ್ಟಿಸಿದ ಸಿಮೆಂಟಿನ ಮನೆ. ಅಬ್ಕೈಕಿನ ಕೆಲಸಗಾರರ ಕ್ಯಾಂಪಿನಲ್ಲಿ ಕುಳಿತು, ಫೋನಿನ ವಿಡಿಯೋದಲ್ಲಿ ನೋಡಿ ನೋಡಿ ಕಟ್ಟಿಸಿದ್ದು. ಆ ಮನೆಯ ಒಳಗೆ ದಾಜು ನೆಂಟನ ಹಾಗಿದ್ದರು. ಅಡುಗೆಮನೆಯ ಬಾಗಿಲಿಗೆ ಪ್ರತಿ ಸಲವೂ ತಲೆ ಬಡಿಸಿಕೊಳ್ಳುತ್ತಿದ್ದರು. ದೀಪ ಹಾಕಲು ಹೋಗಿ ಫ್ಯಾನು ಹಾಕುತ್ತಿದ್ದರು. ಬಟ್ಟೆಗಳೆಲ್ಲ ಇನ್ನೂ ಸೂಟ್‌ಕೇಸಿನಲ್ಲಿ, ಕಪಾಟು ಖಾಲಿ. ಅಗಲವಾದ ಮಂಚದ ಒಂದು ಅಂಚಿನಲ್ಲಿ, ಕ್ಯಾಂಪಿನ ಮಂಚದಷ್ಟೇ ಜಾಗದಲ್ಲಿ, ಅವರು ಮಲಗುವುದು ಎಂದು ಅವರ ಹೆಂಡತಿ ಕೈಯಳತೆಯಲ್ಲಿ ತೋರಿಸಿ ನಕ್ಕರು. ನಗುವ ಹೆಂಗಸು ಆಕೆ. ಟಿ.ವಿ. ಧಾರಾವಾಹಿಗಳಿಂದ ಕಲಿತ ಹಿಂದಿ ನಮ್ಮ ಹಿಂದಿಗಿಂತ ಚೆನ್ನಾಗಿತ್ತು.

ಬಿಸ್ತಾರೈ ಎಂದು ಬದುಕಿದವರು ಊರಿನಲ್ಲಿ ಒಂದು ಗಳಿಗೆ ಕೂರುತ್ತಿರಲಿಲ್ಲ. ನಸುಕಿನಲ್ಲೇ ಎದ್ದು ಕಟ್ಟಿಗೆ ಸೀಳುವುದು, ನಂತರ ಬೇಲಿ, ನಂತರ ದನದ ಕೊಟ್ಟಿಗೆ. ನಮಗಾಗಿ ಅವರು ಪಟ್ಟ ಶ್ರಮ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಪಕ್ಕದ ಗುಡ್ಡದಲ್ಲಿ ಬಳೆ ಮಾರುವ ಮುಸ್ಲಿಮರ ಕೇರಿಯೊಂದಿತ್ತು. ಮಳೆಯಲ್ಲಿ ಅಲ್ಲಿಯವರೆಗೆ ನಡೆದು ಒಬ್ಬ ಮುದುಕರನ್ನು ಕರೆತಂದು ಕೋಳಿ ಕೊಯ್ಯಿಸಿದರು. ಮಹಡಿಯ ಕೋಣೆಯಲ್ಲಿ ಹೊಸ ಚಾಪೆ ಹಾಸಿ, ನಮಾಜಿಗೆ ಯಾವ ದಿಕ್ಕು ಎಂದು ಅದೇ ಮುದುಕರನ್ನು ಕೇಳಿ, ಚಾಪೆಯನ್ನು ಅತ್ತ ತಿರುಗಿಸಿಟ್ಟರು. "ಇದೆಲ್ಲ ಯಾಕೆ ದಾಜು?" ಎಂದರೆ, "ಎಷ್ಟು ಶುಕ್ರವಾರ ಉಂಡಿದ್ದೇನೆ," ಎಂದರು.

ಬೆಳಗ್ಗೆ ಇನ್ನೊಂದು ಕೆಲಸ ಮಾಡುತ್ತಿದ್ದರು. ಮನೆಯ ಮೇಲಿನ ನಲ್ಲಿಯಿಂದ ಕೊಡದಲ್ಲಿ ನೀರು ಹಿಡಿದು, ಕೆಳಗಿನ ಮನೆಯೊಂದರ ಮೆಟ್ಟಿಲ ಮೇಲೆ ಇಟ್ಟು ಬರುತ್ತಿದ್ದರು. ಆ ಮನೆಯಲ್ಲಿ ಒಬ್ಬ ಮುದುಕಿ. ಅವರು ಇಳಿದು ಬರುವುದನ್ನು ಕಂಡರೆ ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಮೂರನೆಯ ಬೆಳಗ್ಗೆ ನಾನೂ ಜೊತೆಗೆ ಹೋದೆ. ಅಂದು ಬಾಗಿಲು ಹಾಕಲಿಲ್ಲ. ಆಕೆ ಹೊಸ್ತಿಲಲ್ಲೇ ನಿಂತು, ದನಿ ಏರಿಸದೆ ಏನೋ ಎರಡು ಮಾತು ಹೇಳಿದಳು. ದಾಜು ತಲೆ ತಗ್ಗಿಸಿ ಕೇಳಿ, ಕೊಡ ಇಟ್ಟು ಹೊರಟರು. ಅರ್ಧ ದಾರಿಯಲ್ಲಿ ಒಂದು ಕಲ್ಲಿನ ಮೇಲೆ ಕುಳಿತರು. ಊರಿಗೆ ಬಂದ ಮೇಲೆ ಅವರು ಕುಳಿತದ್ದನ್ನು ನಾನು ನೋಡಿದ್ದು ಆಗಲೇ.

"ಅವಳ ಮಗ ನಮ್ಮ ಕ್ಯಾಂಪಿನಲ್ಲೇ ಇದ್ದ," ಎಂದರು. "ಪೇಂಟರ್. ನೀವು ನೋಡಿರ್ತೀರಿ, ಹಾಡ್ತಾ ಇದ್ದ. ಒಂದು ದಿನ ಮಲಗಿದವ ಏಳಲಿಲ್ಲ. ಅವನ ಸಾಮಾನು ಕಟ್ಟಿದ್ದು ನಾನು. ಎಲ್ಲ ಬಟ್ಟೆ ಒಗೆದೆ, ಇಸ್ತ್ರಿ ಹಾಕಿದೆ. ಬ್ಯಾಗ್ ತೆರೆದಾಗ ತಾಯಿಗೆ ಕೊಳಕು ಕಾಣ್ಬಾರದು ಅಂತ."

"ಒಳ್ಳೇದೇ ಮಾಡಿದ್ರಲ್ಲ."

"ಅವಳು ಹೇಳುದು ಬೇರೆ. ಬಟ್ಟೆಯಲ್ಲಿ ಮೂಗಿಟ್ಟು ಹುಡುಕಿದೆ, ನನ್ನ ಮಗ ಇರಲಿಲ್ಲ, ಬರೀ ಸೋಪಿತ್ತು ಅಂತ."

ಮಳೆ ಮತ್ತೆ ಹನಿಯಲು ಶುರುವಾಗಿತ್ತು. ಅವರು ಹೊಲದ ಕಡೆ ನೋಡುತ್ತ, ಮೆಲ್ಲನೆ ಕೇಳಿದರು:

"ಭಾಯ್, ಅಲ್ಲಿ ಏನಾದ್ರೂ ಕೆಲಸ ಇದ್ರೆ ನೋಡಿ. ವಾಚ್‌ಮನ್ ಆದ್ರೂ ಆಗ್ತದೆ. ಇಲ್ಲಿ ಪ್ರತಿ ಮನೆಯವರೂ ನನ್ನ ಮುಖ ನೋಡಿ ಏನಾದ್ರೂ ಕೇಳ್ತಾರೆ. ಮಗ ಯಾಕೆ ಫೋನ್ ಮಾಡುದಿಲ್ಲ, ಗಂಡ ಯಾವಾಗ ಬರ್ತಾನೆ, ಅಲ್ಲಿ ಊಟ ಸರಿ ಕೊಡ್ತಾರಾ. ಅಲ್ಲಿ ಆದ್ರೆ ಕೆಲಸ ಮಾತ್ರ."

"ನೋಡ್ತೇನೆ," ಎಂದೆ. ಗಲ್ಫಿನಲ್ಲಿ ನಾವೆಲ್ಲ ದಿನವೂ ಹೇಳುವ ಮಾತು ಅದು.

ಅದೇ ಹೊತ್ತಿಗೆ ಮನೆಯ ಒಲೆಯ ಮುಂದೆ ಇನ್ನೊಂದು ಮಾತು ನಡೆದಿತ್ತು. ದಾಜುವಿನ ಹೆಂಡತಿ ಮೈಮೂನಳ ಕೈ ಹಿಡಿದು, "ಇವರು ನಿಮ್ಮ ಗಂಡನ ಹತ್ರ ಕೆಲಸ ಕೇಳ್ತಾರೆ, ನನಗೆ ಗೊತ್ತು. ಇಷ್ಟು ವರ್ಷ ನಾನು ಸಂಸಾರ ಮಾಡಿದ್ದು ಫೋನಿನ ಜೊತೆ. ಈಗ ಮನುಷ್ಯ ಬಂದಿದ್ದಾರೆ. ಒಟ್ಟಿಗೆ ಇರ್ಲಿಕ್ಕೆ ಇಬ್ಬರಿಗೂ ಬರುದಿಲ್ಲ, ದಿನಾ ಜಗಳ. ಆದ್ರೂ ಕಳಿಸಬೇಡಿ. ಜಗಳವಾದ್ರೂ ಮನೆಯೊಳಗೆ ಆಗ್ಲಿ," ಎಂದರಂತೆ. ಹೇಳುವಾಗ ಆಕೆ ನಗಲಿಲ್ಲ.

ಮೈಮೂನ ನನ್ನ ಹಾಗಲ್ಲ. ಮುದುಕಿಯ ಸಂಗತಿ ನನ್ನಿಂದ ಕೇಳಿದವಳೇ, ದಮ್ಮಾಮಿನಿಂದ ತಂದ ಖರ್ಜೂರದ ಪೊಟ್ಟಣ ಹಿಡಿದು, ದಾಜುವಿನ ಹೆಂಡತಿಯನ್ನು ಕರೆದುಕೊಂಡು ಕೆಳಗಿನ ಮನೆಗೆ ಹೋದಳು. ದಾಜು ಬೇಡ ಬೇಡ ಎನ್ನುತ್ತ ಅಂಗಳದಲ್ಲೇ ಉಳಿದರು. ನಾವಿಬ್ಬರೂ ಮೇಲಿನಿಂದ ನೋಡುತ್ತಿದ್ದೆವು. ಮೂವರು ಹೆಂಗಸರು ಜಗಲಿಯಲ್ಲಿ ಕುಳಿತರು. ಬಹಳ ಹೊತ್ತು ಏಳಲಿಲ್ಲ.

ಮುದುಕಿ ಮೈಮೂನಳನ್ನು ಕೇಳಿದ್ದು ಒಂದೇ ಪ್ರಶ್ನೆಯಂತೆ: ನೀನು ಅಲ್ಲಿ ಇರುವವಳು, ಆ ಜಾಗ ಹೇಗಿದೆ? ಮುದುಕಿಗೆ ಯಾರೂ ಅದನ್ನು ಹೇಳಿರಲಿಲ್ಲ. ಎಲ್ಲರೂ ಹೇಳಿದ್ದು, ಚೆನ್ನಾಗಿದೆ, ಚೆನ್ನಾಗಿದೆ. ಮೈಮೂನ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬೇಸಿಗೆಯಲ್ಲಿ ನಲ್ಲಿಯ ನೀರು ಕೈ ಸುಡುವುದು, ಮರಳುಗಾಳಿ ಬೀಸಿದರೆ ಹಲ್ಲಿನ ನಡುವೆಯೂ ಮರಳು, ಸಂಜೆ ಅಂಗಡಿ ಮುಂದೆ ಹುಡುಗರು ಕಾಗದದ ಲೋಟದಲ್ಲಿ ಚಹಾ ಕುಡಿಯುತ್ತ ನಿಲ್ಲುವುದು, ಶುಕ್ರವಾರ ಬಟ್ಟೆ ಒಗೆದು ಕ್ಯಾಂಪಿನ ಬೇಲಿಯ ಮೇಲೆ ಹರಡುವುದು, ಚಳಿಗಾಲದಲ್ಲಿ ಎರಡು ತಿಂಗಳು ಹವೆ ಹಿತವಾಗಿರುವುದು. ದಾಜುವಿನ ಹೆಂಡತಿ ಅದನ್ನೆಲ್ಲ ನೇಪಾಳಿಗೆ ತಿರುಗಿಸಿ ಹೇಳಿದರು. ಆಕೆಗೂ ಅದೆಲ್ಲ ಹೊಸದು. ತನ್ನ ಗಂಡ ಇಷ್ಟು ವರ್ಷ ಎಲ್ಲಿದ್ದ ಎಂಬುದು ಅನುವಾದ ಮಾಡುತ್ತ ಮಾಡುತ್ತ ಅವರಿಗೂ ಗೊತ್ತಾಯಿತು.

ಕೊನೆಗೆ ಮುದುಕಿ ಜಗಲಿಯಿಂದ ಎದ್ದು ಮೇಲಕ್ಕೆ ಮುಖ ಮಾಡಿ ಕೂಗಿದಳು. ದಾಜು ನನ್ನನ್ನು ನೋಡಿದರು. "ಕರೀತಿದ್ದಾಳೆ," ಎಂದರು, ನಂಬದವರ ಹಾಗೆ. ಇಳಿದು ಹೋದರು. ಕೆಸರಿನಲ್ಲಿ ಎರಡು ಕಡೆ ಜಾರಿದರು.

ಅಂದು ಮಧ್ಯಾಹ್ನದವರೆಗೆ ಅವರು ಆ ಜಗಲಿಯಲ್ಲಿ ಕುಳಿತು ಆ ಪೇಂಟರಿನ ಬಗ್ಗೆ ಹೇಳಿದರು. ಊರಿನ ಬಗ್ಗೆ ಗಲ್ಫಿನಲ್ಲಿ ಒಂದು ಮಾತೂ ಆಡದ ಮನುಷ್ಯ, ಗಲ್ಫಿನ ಬಗ್ಗೆ ಊರಿನಲ್ಲಿ ಬಾಯಿ ಬಿಟ್ಟದ್ದು ಅದೇ ಮೊದಲಂತೆ. ಅಟ್ಟಣಿಗೆಯ ಮೇಲೆ ಅವನು ಹಾಡುತ್ತಿದ್ದದ್ದು ಯಾವ ಹಾಡು, ಯಾರ ಜೊತೆ ಜಗಳ, ಯಾವ ತರಕಾರಿ ಬೇಡ ಎನ್ನುತ್ತಿದ್ದ, ತಾಯಿಗೆಂದು ಯಾವ ಬಣ್ಣದ ಶಾಲು ನೋಡಿಟ್ಟಿದ್ದ. ದೂರದಿಂದ ನಮಗೆ ಕಾಣುತ್ತಿದ್ದದ್ದು ದಾಜುವಿನ ಕೈಗಳು ಮಾತ್ರ. ಆ ಕೈಗಳು ಗಾಳಿಯಲ್ಲಿ ಪೈಪು ಜೋಡಿಸಿ, ಏಣಿ ಏರಿಸಿ, ಒಬ್ಬ ಹುಡುಗನನ್ನು ಮೇಲೆ ನಿಲ್ಲಿಸಿ ತೋರಿಸುತ್ತಿದ್ದವು. ಮುದುಕಿ ಅಳುತ್ತಲೂ ಇದ್ದಳು, ನಡುನಡುವೆ ನಗುತ್ತಲೂ ಇದ್ದಳು.

ಹಿಂದಿರುಗುವ ಬಸ್ಸಿನಲ್ಲಿ ಮೈಮೂನ ಕೇಳಿದಳು. "ಕೆಲಸದ ಬಗ್ಗೆ ಅವರಿಗೆ ಎಂತ ಹೇಳಿದ್ರಿ?"

"ನೋಡ್ತೇನೆ ಅಂದೆ."

"ನೋಡ್ಬೇಡಿ. ಇಲ್ಲ ಅಂತ ಹೇಳಿ. ಬಾಯಿ ಬಿಟ್ಟು ಹೇಳಿ."

ದಮ್ಮಾಮಿಗೆ ಬಂದ ವಾರವೇ ಫೋನ್ ಮಾಡಿ ಹೇಳಿದೆ. ಕೆಲಸವಿಲ್ಲ ದಾಜು, ಇದ್ದರೂ ನಾನು ಕೇಳುವುದಿಲ್ಲ, ನಿಮ್ಮ ಮನೆಯವರಿಗೆ ಇಷ್ಟವಿಲ್ಲ. ಅವರು "ಸರಿ ಭಾಯ್," ಎಂದು ಫೋನ್ ಇಟ್ಟರು. ಬೇಸರವಾಯಿತೆಂದು ಗೊತ್ತಾಯಿತು. ಆಮೇಲೆ ತಿಳಿಯಿತು, ಮನೆಯವರಿಗೂ ಹೇಳದೆ ಕಠ್ಮಂಡುವಿನ ಏಜೆಂಟೊಬ್ಬನನ್ನು ಹಿಡಿದು ಬೇರೆ ಯಾವುದೋ ಗಲ್ಫ್ ದೇಶಕ್ಕೆ ಹೊರಟು ನಿಂತಿದ್ದರಂತೆ. ಅಭ್ಯಾಸವೆಂಬುದು ಹಗ್ಗದ ಹಾಗೆ. ಬಿಚ್ಚಿದ ಮೇಲೂ ಕುತ್ತಿಗೆಯ ಮೇಲೆ ಅದರ ಗುರುತಿರುತ್ತದೆ.

ಒಂದು ದಿನ ಸ್ಟೋರಿನಲ್ಲಿರುವಾಗ ಅವರ ಫೋನ್ ಬಂತು. ಎತ್ತಿದರೆ ನಗು. ಇಷ್ಟು ವರ್ಷದಲ್ಲಿ ಅವರು ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ.

"ಭಾಯ್, ಮೆಡಿಕಲ್‌ನಲ್ಲಿ ಅನ್‌ಫಿಟ್ ಆದೆ! ಎದೆಯ ಫೋಟೋ ನೋಡಿ ಡಾಕ್ಟರ್ ತಲೆ ಅಲ್ಲಾಡಿಸಿದ. ಇನ್ನು ಯಾವ ದೇಶಕ್ಕೂ ನಾನು ಬೇಡ."

"ಅದಕ್ಕೆ ನಗುದಾ ದಾಜು? ಔಷಧಿ ಕೊಟ್ರಾ?"

"ಕೊಟ್ಟಿದ್ದಾರೆ, ಕೊಟ್ಟಿದ್ದಾರೆ. ಮನೆಗೆ ಬಂದು ಮಲಗಿದೆ ಭಾಯ್. ಎರಡು ದಿನ ಎದ್ದೇ ಇಲ್ಲ. ನನ್ನವಳು ಹೆದರಿ ನೆರೆಯವರನ್ನು ಕರೆದಿದ್ದಾಳೆ!"

ಆಮೇಲೆ ಅವರ ಮಾತು ಬದಲಾಯಿತು. ಫೋನ್ ಮಾಡಿದರೆ ಜೋಳ, ಎಮ್ಮೆ, ಮಗಳ ಮನೆಯಿಂದ ಬರುವ ಮೊಮ್ಮಗಳು. ಒಮ್ಮೆ ಮೋಡ ಹರಿದಾಗ ಬೆಟ್ಟದ ವಿಡಿಯೋ ಕಳಿಸಿದರು. ಕೈ ನಡುಗಿ ಬೆಟ್ಟವೇ ಅಲುಗುತ್ತಿತ್ತು. ಮೈಮೂನ ಅದನ್ನು ದಮ್ಮಾಮಿನ ಗೆಳತಿಯರಿಗೆಲ್ಲ ತೋರಿಸಿ, "ನಾವು ಇಲ್ಲಿಗೆ ಹೋದದ್ದು. ಆದ್ರೆ ಇದು ಕಾಣ್ಲಿಲ್ಲ, ಬೇರೆ ತುಂಬಾ ಕಂಡಿತು," ಎನ್ನುತ್ತಿದ್ದಳು.

ಕೊನೆಯ ಸಲ ಮಾತಾಡಿದ್ದು ಚಳಿಗಾಲ ಮುಗಿಯುವ ಹೊತ್ತಿಗೆ. ನನ್ನ ಮಂಡಿನೋವು, ಸೈಟಿನ ಹೊಸ ಮ್ಯಾನೇಜರು, ಮಂಗಳೂರಿನ ಹಾಸ್ಟೆಲಿನಲ್ಲಿದ್ದ ಮಗಳ ಕಾಲೇಜು ಎಂದು ನಾನು ನನ್ನ ಗೋಳು ಹೇಳುತ್ತಲೇ ಇದ್ದೆ. ಅವರು ಎಲ್ಲ ಕೇಳಿ, ಒಂದೇ ಮಾತು ಕೇಳಿದರು.

"ನೀವು ಯಾವಾಗ ಭಾಯ್?"

ಯಾವಾಗ ಎಂದರೆ ಊರಿಗೆ ಯಾವಾಗ ಎಂದು. ನಾನು ಎಂದಿನಂತೆ "ನೋಡುವಾ" ಎನ್ನಬೇಕೆಂದಿದ್ದೆ. ಮೈಮೂನ ಪಕ್ಕದಲ್ಲೇ ಕುಳಿತು ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತದೆ ಹೇಳಿದಳು, "ಈ ವರ್ಷದೊಳಗೆ ಅಂತ ಹೇಳಿ."

"ಈ ವರ್ಷದೊಳಗೆ, ದಾಜು," ಎಂದೆ.

"ಮಾತು?"

"ಮಾತು."

ಅದಾಗಿ ಕೆಲವು ವಾರಗಳಿಗೆ ಅವರ ಹೆಂಡತಿಯ ಧ್ವನಿಸಂದೇಶ ಬಂತು, ಮೈಮೂನಳ ಫೋನಿಗೆ. ಅಳುವಿನಲ್ಲಿ ಅರ್ಧ ನೇಪಾಳಿ, ಅರ್ಧ ಹಿಂದಿ. ಊಟ ಮಾಡಿ ಅಂಗಳದ ಬಿಸಿಲಿನಲ್ಲಿ ಮಲಗಿದ್ದರು, ಎಬ್ಬಿಸಲು ಹೋದರೆ ಎದ್ದಿಲ್ಲ. ಕೆಳಗಿನ ಮನೆಯ ಮುದುಕಿಯೇ ಮೊದಲು ಓಡಿ ಬಂದು ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳಂತೆ. ಮೈಮೂನ ಅದನ್ನು ಎರಡು ಸಲ ಕೇಳಿದಳು. ನಾನು ಬಾಲ್ಕನಿಗೆ ಹೋಗಿ ನಿಂತೆ. ಕೆಳಗೆ ರಸ್ತೆಯಲ್ಲಿ ಕಂಪೆನಿಯ ಬಸ್ಸು ಕೆಲಸಗಾರರನ್ನು ಇಳಿಸುತ್ತಿತ್ತು.

ಮೊನ್ನೆ ಮ್ಯಾನೇಜರಿನ ಕೋಣೆಗೆ ಹೋಗಿ ಫೈನಲ್ ಎಕ್ಸಿಟ್ ಬೇಕು ಎಂದೆ. ಆತ ಕುರ್ಚಿ ತೋರಿಸಿ, ಇನ್ನೊಂದು ವರ್ಷ ಇರಿ, ಸಂಬಳ ನೋಡುವಾ ಎಂದ. ಒಳ್ಳೆಯವನೇ. ಒಂದು ಕ್ಷಣ ನನ್ನ ಮನಸ್ಸೂ ಅತ್ತ ವಾಲಿತು, ಸುಳ್ಳು ಹೇಳುವುದಿಲ್ಲ. ಬದುಕಿರುವವರಿಗೆ ಕೊಟ್ಟ ಮಾತಾಗಿದ್ದರೆ ಫೋನ್ ಮಾಡಿ ಒಂದು ವರ್ಷ ಮುಂದೆ ಹಾಕಿ ಎಂದು ಕೇಳಬಹುದಿತ್ತು. ಈಗ ಯಾರನ್ನು ಕೇಳುವುದು?

"ಇಲ್ಲ ಸರ್," ಎಂದೆ.